ಕೌಟುಂಬಿಕ ಕಾನೂನಿನ ತೀರ್ಪು ವಿಮರ್ಶೆ

ಕೌಟುಂಬಿಕ ಕಾನೂನಿನ ತೀರ್ಪು ವಿಮರ್ಶೆ ಎಂಬುದು ವಿವಾಹ, ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ, ದತ್ತಕ ಮೊದಲಾದ ವಿಷಯಗಳಲ್ಲಿ ನ್ಯಾಯಾಲಯ ನೀಡಿದ ತೀರ್ಪನ್ನು ವಿಶ್ಲೇಷಿಸಿ ಕಾನೂನು ನಿಯತಕಾಲಿಕಗಳಿಗೆ ಬರೆಯುವ ಲೇಖನ ಪ್ರಕಾರವಾಗಿದೆ. ವಕೀಲರು, ಅಧ್ಯಾಪಕರು ಮತ್ತು ಕಾನೂನು ವಿದ್ಯಾರ್ಥಿಗಳು ಇದರ ಪ್ರಮುಖ ಲೇಖಕರು. ಇಲ್ಲಿ ಚರ್ಚಿತವಾಗುವ ಕಾನೂನು ಸಾರ್ವಜನಿಕವಾದುದು. ಆದರೆ ಅದಕ್ಕೆ ಆಧಾರವಾದ ವ್ಯಾಜ್ಯವು ಒಂದು ಮನೆಯ ಖಾಸಗಿ ಬದುಕಿಗೆ ಸೇರಿದುದು. ಇವೆರಡರ ನಡುವೆ ಸಮತೋಲನ ಕಾಯ್ದುಕೊಳ್ಳುವುದು ಈ ಪ್ರಕಾರದ ಮುಖ್ಯ ಹೊಣೆ.

ನಿಯತಕಾಲಿಕಗಳು

ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಕೌಟುಂಬಿಕ ಕಾನೂನು ವಿಭಾಗವು ಪ್ರಕಟಿಸುವ 'ಫ್ಯಾಮಿಲಿ ಲಾ ಕ್ವಾರ್ಟರ್ಲಿ' ಈ ಕ್ಷೇತ್ರಕ್ಕೇ ಮೀಸಲಾದ ಪತ್ರಿಕೆ. ಭಾರತದಲ್ಲಿ ನವದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್‌ನ ಪತ್ರಿಕೆ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ವಿದ್ಯಾರ್ಥಿಗಳು ಸಂಪಾದಿಸುವ 'ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ' ಮೊದಲಾದವು ಇತರ ಕಾನೂನು ವಿಷಯಗಳೊಂದಿಗೆ ಇದಕ್ಕೂ ಸ್ಥಳ ನೀಡುತ್ತವೆ.

ರಚನೆ

ವಿಮರ್ಶೆಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ: ಪ್ರಕರಣದ ಸಂಗತಿಗಳು, ನ್ಯಾಯಾಲಯದ ಮುಂದಿದ್ದ ಕಾನೂನಿನ ಪ್ರಶ್ನೆ, ತೀರ್ಪಿನ ತರ್ಕ ಹಾಗೂ ಲೇಖಕರ ಮೌಲ್ಯಮಾಪನ. ತೀರ್ಪಿಗೆ ಅಗತ್ಯವಾದ ನಿರ್ಣಾಯಕ ತತ್ತ್ವವನ್ನೂ ನ್ಯಾಯಾಧೀಶರು ಪ್ರಾಸಂಗಿಕವಾಗಿ ಆಡಿದ ಮಾತನ್ನೂ ಪ್ರತ್ಯೇಕಿಸುವುದು ಮುಖ್ಯ. ಮೊದಲನೆಯದು ಮುಂದಿನ ಪ್ರಕರಣಗಳಿಗೆ ಬದ್ಧವಾಗುತ್ತದೆ, ಎರಡನೆಯದು ಹಾಗಲ್ಲ.

ತೀರ್ಪಿನ ನಂತರದ ಬೆಳವಣಿಗೆಗಳನ್ನು ಪರಿಶೀಲಿಸುವುದೂ ಅಷ್ಟೇ ಅಗತ್ಯ. 1985ರ ಶಾ ಬಾನೊ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಜೀವನಾಂಶದ ಹಕ್ಕಿದೆ ಎಂದಿತು. 1986ರಲ್ಲಿ ಸಂಸತ್ತು ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ ಬಗ್ಗೆ ಪ್ರತ್ಯೇಕ ಅಧಿನಿಯಮವನ್ನು ರೂಪಿಸಿತು. 2001ರ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಅದರ ಸಿಂಧುತ್ವವನ್ನು ಎತ್ತಿಹಿಡಿದ ನ್ಯಾಯಾಲಯವು, ಮಾಜಿ ಪತಿಯು ಇದ್ದತ್ ಅವಧಿಯೊಳಗೆ ಆಕೆಯ ಮುಂದಿನ ಬದುಕಿಗೂ ಏರ್ಪಾಡು ಮಾಡಬೇಕೆಂದು ವ್ಯಾಖ್ಯಾನಿಸಿತು. 125ನೇ ಕಲಮಿನ ಪರಿಹಾರವೂ ಆಕೆಗೆ ಲಭ್ಯವೆಂದು 2024ರ ಜುಲೈನಲ್ಲಿ ನ್ಯಾಯಾಲಯವು ಸ್ಪಷ್ಟಪಡಿಸಿತು. ಅದೇ ತಿಂಗಳ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ವಿಷಯವು 144ನೇ ಕಲಮಿನಲ್ಲಿದೆ. ಈ ಸರಣಿಯ ಒಂದೇ ತೀರ್ಪನ್ನು ಉಲ್ಲೇಖಿಸಿ ಬರೆದ ಲೇಖನವು ಜೀವನಾಂಶ ಕೋರುವ ಮಹಿಳೆಯ ಹಕ್ಕನ್ನೇ ತಪ್ಪಾಗಿ ನಿರೂಪಿಸುವ ಅಪಾಯವಿದೆ.

ಗೋಪ್ಯತೆ

ಹಿಂದೂ ವಿವಾಹ ಅಧಿನಿಯಮ, 1955ರ 22ನೇ ಕಲಮಿನ ಪ್ರಕಾರ ಆ ಅಧಿನಿಯಮದಡಿಯ ಎಲ್ಲ ವಿಚಾರಣೆಗಳೂ ಗೋಪ್ಯವಾಗಿ ನಡೆಯಬೇಕು. ಅವುಗಳಿಗೆ ಸಂಬಂಧಿಸಿದ ಯಾವ ವಿಷಯವನ್ನೂ ಮುದ್ರಿಸುವಂತಿಲ್ಲ, ಪ್ರಕಟಿಸುವಂತಿಲ್ಲ. ಉಚ್ಚ ನ್ಯಾಯಾಲಯ ಅಥವಾ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ನ್ಯಾಯಾಲಯದ ಪೂರ್ವಾನುಮತಿಯೊಂದಿಗೆ ಪ್ರಕಟಿಸುವುದಕ್ಕೆ ಮಾತ್ರ ವಿನಾಯಿತಿ ಇದೆ. ಉಲ್ಲಂಘನೆಗೆ 1,000 ರೂಪಾಯಿವರೆಗೆ ದಂಡ ವಿಧಿಸಬಹುದು. ಆದ್ದರಿಂದ ಕೌಟುಂಬಿಕ ನ್ಯಾಯಾಲಯದಲ್ಲಿ ಸಲ್ಲಿಕೆಯಾದ ಅರ್ಜಿ, ಸಾಕ್ಷ್ಯ, ಪತ್ರಗಳನ್ನು ಲೇಖಕರು ಬಳಸಿಕೊಳ್ಳುವಂತಿಲ್ಲ. ಪ್ರಕರಣವನ್ನು ತಾವೇ ನಡೆಸಿದ ವಕೀಲರಿಗೆ ಕಕ್ಷಿದಾರರ ಮಾಹಿತಿಯನ್ನು ಕಾಪಾಡುವ ಕರ್ತವ್ಯವೂ ಇದೆ. ವಕಾಲತ್ತು ಮುಗಿದ ನಂತರವೂ ಅದು ಮುಂದುವರಿಯುತ್ತದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಇದರಿಂದ ಗೋಪ್ಯತೆಯ ವಾದಕ್ಕೆ ಸಾಂವಿಧಾನಿಕ ಬಲ ದೊರೆಯಿತು.

ಹೆಸರಿನ ಬದಲು ಮೊದಲಕ್ಷರಗಳನ್ನು ಬಳಸುವ ಕ್ರಮವು ಇಂಗ್ಲೆಂಡಿನ ಮಕ್ಕಳ ಪ್ರಕರಣಗಳಲ್ಲಿ ರೂಢಿಯಲ್ಲಿದೆ. ಆದರೆ ಹೆಸರನ್ನು ತೆಗೆದರಷ್ಟೇ ಸಾಲದು. ಊರು, ಉದ್ಯೋಗ, ಮಕ್ಕಳ ವಯಸ್ಸು, ಮದುವೆಯ ದಿನಾಂಕ ಒಟ್ಟಿಗೆ ಸೇರಿದರೆ ನೆರೆಹೊರೆಯವರು ಕುಟುಂಬವನ್ನು ಗುರುತಿಸಬಲ್ಲರು. ಕಾನೂನಿನ ಪ್ರಶ್ನೆಗೆ ಅಗತ್ಯವಿಲ್ಲದ ವಿವರಗಳನ್ನು ಕೈಬಿಡುವುದು ಇದಕ್ಕಿರುವ ಸರಳ ಪರಿಹಾರ. ತಂದೆತಾಯಿಯ ವ್ಯಾಜ್ಯದಲ್ಲಿ ಮಾತನಾಡುವ ಅವಕಾಶವೇ ಇಲ್ಲದಿದ್ದ ಮಗು ಮುಂದೊಂದು ದಿನ ಆ ಲೇಖನವನ್ನು ಓದುವ ಸಾಧ್ಯತೆಯೂ ಇರುತ್ತದೆ.