ಪ್ರತಿ ಸಲ ನಾನೇ ಯಾಕೆ? ಮುಂಬಯಿಯ ಪಾನನಿಷೇಧ ಮತ್ತು ತಪಾಸಣೆಯ ಕಥೆ

ಮುಂಬಯಿಯಲ್ಲಿ ಶನಿವಾರ ರಾತ್ರಿ ಸ್ಕೂಟರ್ ಓಡಿಸುವ ಯಾರನ್ನಾದರೂ ಕೇಳಿ ನೋಡಿ, ನಾಕಾಬಂದಿಯಲ್ಲಿ ಊದುವ ಯಂತ್ರದ ಮುಂದೆ ನಿಂತ ಕಥೆ ಹೇಳ್ತಾರೆ. ಕುರ್ಲಾದಲ್ಲಿರುವ ನನ್ನ ಖಾಲಾನ ಮಗ ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ಅವನ ಪ್ರಶ್ನೆ ಒಂದೇ: "ಆಪಾ, ಪ್ರತಿ ಸಲ ನಾನೇ ಯಾಕೆ?" ನಮ್ಮ ಮನೆಗಳಲ್ಲಿ ಇದಕ್ಕೆ ಉತ್ತರ ತಯಾರಾಗಿಯೇ ಇರುತ್ತದೆ. ಆದರೆ ಸ್ವಲ್ಪ ಇತಿಹಾಸ ತಿಳ್ಕೊಂಡು ಮಾತಾಡೋಣ.

ಈ ನಗರಕ್ಕೆ ಪಾನನಿಷೇಧ ಮೊದಲು ಬಂದದ್ದು 1939ರ ಆಗಸ್ಟ್ 1ರಂದು, ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರಕಾರದ ಕಾಲದಲ್ಲಿ. ಅಬಕಾರಿ ಆದಾಯದ ನಷ್ಟ ತುಂಬಲು ಆಸ್ತಿ ತೆರಿಗೆ ಹಾಕಿದರು. ಪಾರ್ಸಿಗಳೂ ಮುಸಲ್ಮಾನರೂ ವಿರೋಧಿಸಿದರು. ನಮ್ಮವರ ತಕರಾರು ಹೆಂಡ ನಿಂತದ್ದಕ್ಕಲ್ಲ, ತೆರಿಗೆಗೆ. ಆಮೇಲೆ 1949ರ ಮುಂಬಯಿ ಪಾನನಿಷೇಧ ಕಾಯ್ದೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅಂದರೆ ಇದು ನಮ್ಮ ಅಜ್ಜಂದಿರ ಮೇಲಿದ್ದ ಕಾಯ್ದೆಯೂ ಹೌದು.

ಎಫ್.ಎನ್. ಬಾಲ್ಸಾರಾ ಎಂಬವರು ಇದನ್ನು ಕೋರ್ಟಿಗೆ ಎಳೆದರು. 1951ರ ಮೇ 25ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ. ಕಾಯ್ದೆಯ ಬುಡ ಉಳಿಯಿತು. ಮದ್ಯಸಾರವಿರುವ ಔಷಧಿ ಮತ್ತು ಶೃಂಗಾರ ಸಾಮಗ್ರಿಗಳ ಬಳಕೆಯನ್ನು ತಡೆಯುವ ಭಾಗ ಬಿದ್ದುಹೋಯಿತು. ಇನ್ನೊಂದು ವಿಷಯ ಗಮನಿಸಿ: ಸೇನೆ, ನೌಕಾದಳಗಳ ಮೆಸ್ಸು ಮತ್ತು ಕ್ಯಾಂಟೀನುಗಳಿಗಿದ್ದ ವಿನಾಯಿತಿಯನ್ನು ಹೈಕೋರ್ಟ್ ಒಪ್ಪಿರಲಿಲ್ಲ, ಸುಪ್ರೀಂ ಕೋರ್ಟ್ ಒಪ್ಪಿತು. ಹಾಗಾಗಿ ಆಗ ಕೊಲಾಬಾದಲ್ಲಿ ಮೆಸ್ಸಿನ ಗೋಡೆಯೊಳಗೆ ರಮ್ ಕುಡಿಯಬಹುದಿತ್ತು. ಗೋಡೆಯ ಹೊರಗೆ ಬಾಯಿ ವಾಸನೆ ಬಂದರೆ ಕೇಸು ಬೀಳುತ್ತಿತ್ತು.

ಸರಿಯಾಗಿ ನಾಲ್ಕು ದಿನ ಕಳೆದು, ಮೇ 29ರ ರಾತ್ರಿ ಒಂಬತ್ತೂವರೆ ಸುಮಾರಿಗೆ, ಅದೇ ಕೊಲಾಬಾ ಕಡೆಗೆ ಒಂದು ಜೀಪು ಹೊರಟಿತ್ತು. ಓಡಿಸುತ್ತಿದ್ದವರು ಸಾರಿಗೆ ಇಲಾಖೆಯ ಅಧಿಕಾರಿ ಬೆಹ್ರಾಮ್ ಪೆಸಿಕಾಕಾ. ಜೀಪು ಮೂವರಿಗೆ ಬಡಿಯಿತು. ಸೇಂಟ್ ಜಾರ್ಜ್ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿದರು: ಬಾಯಲ್ಲಿ ಮದ್ಯದ ವಾಸನೆ ಇದೆ, ಕಣ್ಣು ಕೆಂಪಾಗಿದೆ, ಆದರೆ ಮಾತು ಸ್ಪಷ್ಟ, ನೇರ ಗೆರೆಯ ಮೇಲೆ ನಡೀತಾರೆ. ಕುಡಿದಿರಬಹುದು, ಅಮಲಿಲ್ಲ ಎಂದರು. ತಾನು ಕುಡಿದದ್ದು ಬಿ.ಜಿ. ಫಾಸ್ ಎಂಬ ಟಾನಿಕ್ ಎಂದರು ಪೆಸಿಕಾಕಾ. ಅದರಲ್ಲಿ ಶೇಕಡಾ 17 ಮದ್ಯಸಾರ! ಮ್ಯಾಜಿಸ್ಟ್ರೇಟ್ ಬಿಟ್ಟರು. ಹೈಕೋರ್ಟ್ ಒಂದು ತಿಂಗಳ ಕಠಿಣ ಸಜೆ, 500 ರೂಪಾಯಿ ದಂಡ ವಿಧಿಸಿತು. 1954ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕುಡಿದದ್ದು ನಿಷೇಧಿತ ಮದ್ಯವೇ ಎಂದು ಸಾಬೀತು ಮಾಡುವ ಹೊಣೆ ಸರಕಾರದ್ದು, ಆರೋಪಿಯದ್ದಲ್ಲ ಅಂತ.

ಸರಕಾರ ಸುಮ್ಮನಿರಲಿಲ್ಲ. 1959ರ ತಿದ್ದುಪಡಿಯಲ್ಲಿ ರಕ್ತಪರೀಕ್ಷೆ ತಂದಿತು. ರಕ್ತದಲ್ಲಿ ಶೇಕಡಾ 0.05 ಅಥವಾ ಹೆಚ್ಚು ಮದ್ಯಸಾರ ಕಂಡರೆ ಹೊಣೆ ಆರೋಪಿಯ ತಲೆಗೆ. ಯಾರನ್ನು ಡಾಕ್ಟರ ಬಳಿ ಕರೆದೊಯ್ಯಬೇಕು? ಕುಡಿದಿದ್ದಾನೆಂದು ನಂಬಲು ಅಧಿಕಾರಿಗೆ ಸಕಾರಣವಿದ್ದರೆ ಸಾಕು. ಯಂತ್ರ ಸುಳ್ಳು ಹೇಳಲಿಕ್ಕಿಲ್ಲ, ಆದರೆ ಯಂತ್ರದ ಮುಂದೆ ಯಾರನ್ನು ನಿಲ್ಲಿಸೋದು ಎಂದು ಆರಿಸುವುದು ಕಣ್ಣು. ನನಗೆ ಕಾಯ್ದೆಗಿಂತ ಈ ಕಣ್ಣಿನ ಬಗ್ಗೆಯೇ ಹೆಚ್ಚು ಅನುಮಾನ.

ಕಣ್ಣನ್ನು ದೂರವಿಟ್ಟು ಚೀಟಿ ಎತ್ತುವ ಪದ್ಧತಿಯೂ ಇದೆ. 1981ರ ಮೇ 26ರಂದು ಅಮೆರಿಕದ ನಿಮಿಟ್ಜ್ ಯುದ್ಧನೌಕೆಯ ಮೇಲೆ ವಿಮಾನ ಅಪ್ಪಳಿಸಿ 14 ಜನ ಸತ್ತರು. ಸತ್ತವರಲ್ಲಿ ಕೆಲವರ ದೇಹದಲ್ಲಿ ಗಾಂಜಾ ಅಂಶ ಸಿಕ್ಕಿತು. ಆಮೇಲೆ ಅಲ್ಲಿನ ನೌಕಾದಳ ಮೂತ್ರಪರೀಕ್ಷೆಯನ್ನು ಬಿಗಿ ಮಾಡಿತು. ಅಲ್ಲೂ ಸೈನಿಕರ ಗೊಣಗಾಟ ಇದೇ: ಮತ್ತೆ ನನ್ನ ಹೆಸರೇ ಬಂತು!

ಇಲ್ಲಿ ವಿದ್ಯಾರ್ಥಿಗಳು ಪೆನ್ಸಿಲ್ ಹಿಡೀಬೇಕು. ನೂರು ಜನರ ತುಕಡಿ, ಪ್ರತಿ ತಿಂಗಳು ಹತ್ತು ಚೀಟಿ ಎನ್ನಿ. ಪೂರ್ತಿ ನ್ಯಾಯವಾಗಿ ಎತ್ತಿದರೂ ವರ್ಷದಲ್ಲಿ ಸುಮಾರು 28 ಜನರ ಹೆಸರು ಒಮ್ಮೆಯೂ ಬರೋದಿಲ್ಲ. ಸುಮಾರು 11 ಜನರ ಹೆಸರು ಮೂರು ಅಥವಾ ಹೆಚ್ಚು ಸಲ ಬರುತ್ತದೆ. ಆ ಹನ್ನೊಂದು ಜನರಿಗೆ ಅನ್ಯಾಯ ಆದಂತೆಯೇ ಅನ್ನಿಸುತ್ತದೆ. ಹಾಗಂತ ನಾಕಾಬಂದಿಯಲ್ಲೂ ಇದೇ ಲೆಕ್ಕ ಎಂದು ಖಾಲಾನ ಮಗನ ಬಾಯಿ ಮುಚ್ಚಿಸಲಾರೆ. ಅಲ್ಲಿ ಚೀಟಿಯೇ ಇಲ್ಲವಲ್ಲ! ಸಿಕ್ಕಿಬಿದ್ದವರ ಸಂಖ್ಯೆ ಹೊಸ ವರ್ಷದ ಮರುದಿನ ಪೇಪರಿನಲ್ಲಿ ಬರುತ್ತದೆ. ತಡೆದು, ಊದಿಸಿ, ಹೋಗು ಎಂದು ಕಳಿಸಿದವರು ಯಾರ್ಯಾರು, ಯಾವ ಗಲ್ಲಿಯವರು, ಗಡ್ಡ ಇತ್ತೋ ಇಲ್ಲವೋ, ಅದನ್ನು ಯಾವ ಪೇಪರೂ ಹಾಕೋದಿಲ್ಲ.

ಅದಕ್ಕೇ ಅವನಿಗೆ ಒಂದು ಸಣ್ಣ ಡೈರಿ ಕೊಟ್ಟಿದ್ದೇನೆ. ತಾರೀಕು, ಜಾಗ, ಹೊತ್ತು, ಮುಂದಿನ ಸ್ಕೂಟರಿನವನನ್ನೂ ನಿಲ್ಲಿಸಿದರಾ, ಹಿಂದಿನವನನ್ನು? ಬಿಟ್ಟು ಕಳಿಸಿದ ದಿನವನ್ನೂ, ಯಾರೂ ತಡೆಯದ ದಿನವನ್ನೂ ಬರಿ ಅಂದಿದ್ದೇನೆ. ಅದೊಂದು ಬೇಜಾರಿನ ಕೆಲಸ ಅಂತ ಗೊಣಗ್ತಾನೆ. ಇಲ್ಲಿತನಕ ಒಂಬತ್ತು ಸಾಲು ಆಗಿದೆ.