ಸೈನಿಕರಲ್ಲ, ಪೊಲೀಸರು

ಕಮಾಂಡೋ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಮುಖಗವಸು, ಹೆಲ್ಮೆಟ್, ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ಇಳಿಯೋ ಗಟ್ಟಿಗರು. ಜರ್ಮನಿಯ ಜಿಎಸ್‌ಜಿ 9 ಕೂಡ ನೋಡೋಕೆ ಹಾಗೇ ಇದೆ. ಆದರೆ ಅದು ಸೈನ್ಯದ ತುಕಡಿ ಅಲ್ಲ, ಪೊಲೀಸ್ ಪಡೆ. ಅದು ಹುಟ್ಟಿದ್ದು ಒಂದು ದೊಡ್ಡ ಸೋಲಿನಿಂದ.

1972ರ ಸೆಪ್ಟೆಂಬರ್ 5, ಮ್ಯೂನಿಕ್ ಒಲಿಂಪಿಕ್ಸ್. ಬ್ಲ್ಯಾಕ್ ಸೆಪ್ಟೆಂಬರ್ ಸಂಘಟನೆಯ ಎಂಟು ಮಂದಿ ಕ್ರೀಡಾಗ್ರಾಮಕ್ಕೆ ನುಗ್ಗಿ, ಇಬ್ಬರು ಇಸ್ರೇಲಿಗಳನ್ನು ಕೊಂದು, ಒಂಬತ್ತು ಮಂದಿಯನ್ನು ಒತ್ತೆಯಾಳಾಗಿ ಹಿಡಿದರು. ಟ್ರ್ಯಾಕ್‌ಸೂಟ್ ತೊಟ್ಟ ಪೊಲೀಸರು ಕಟ್ಟಡ ಹತ್ತಿದ್ದು ಟೀವಿಯಲ್ಲಿ ನೇರಪ್ರಸಾರ ಆಯ್ತು. ಒಳಗಿದ್ದವರ ಕೋಣೆಯಲ್ಲೂ ಟೀವಿ ಇತ್ತು! ರಾತ್ರಿ ವಿಮಾನನೆಲೆಯಲ್ಲಿ ಆ ಎಂಟು ಮಂದಿಗೆ ಗುರಿಯಿಟ್ಟು ಕೂತಿದ್ದು ಬರೀ ಐವರು ಪೊಲೀಸರು. ಅವರಿಗೆ ವಿಶೇಷ ತರಬೇತಿ ಇರಲಿಲ್ಲ, ಪರಸ್ಪರ ಮಾತಾಡೋಕೆ ರೇಡಿಯೋ ಇರಲಿಲ್ಲ, ಕತ್ತಲಲ್ಲಿ ನೋಡೋ ಸಾಧನವೂ ಇರಲಿಲ್ಲ. ಕರೆಸಿದ ಶಸ್ತ್ರಸಜ್ಜಿತ ವಾಹನಗಳು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವು. ಒಂಬತ್ತೂ ಒತ್ತೆಯಾಳುಗಳು ಸತ್ತರು, ಒಬ್ಬ ಪೊಲೀಸ್ ಅಧಿಕಾರಿಯೂ ಸತ್ತ.

ಹಾಗಾದ್ರೆ ಸೈನ್ಯ ಏಕೆ ಬರಲಿಲ್ಲ? ಹಿಟ್ಲರ್ ಕಾಲ ಕಂಡ ದೇಶ ಅದು. ದೇಶದೊಳಗೆ ಸೈನ್ಯ ಬಳಸೋಕೆ ಪಶ್ಚಿಮ ಜರ್ಮನಿಯ ಸಂವಿಧಾನ ಬಿಗಿಯಾದ ಮಿತಿ ಹಾಕಿತ್ತು. ಮ್ಯೂನಿಕ್ ಆದ ಮೇಲೂ ಸರ್ಕಾರ ಆ ಗೆರೆ ದಾಟಲಿಲ್ಲ. ಗೃಹಸಚಿವ ಹಾನ್ಸ್-ಡೀಟ್ರಿಷ್ ಗೆನ್ಶರ್ ತಮ್ಮ ಜೊತೆ ಮ್ಯೂನಿಕ್‌ನಲ್ಲಿದ್ದ ಅಧಿಕಾರಿ ಉಲ್ರಿಷ್ ವೆಗೆನರ್‌ಗೆ ಹೊಸ ಪಡೆ ಕಟ್ಟೋ ಕೆಲಸ ಕೊಟ್ಟರು. ಗೃಹ ಇಲಾಖೆಯ ಕೆಳಗಿದ್ದ ಗಡಿಪಡೆಯಲ್ಲೇ, ಬಾನ್ ಹತ್ತಿರದ ಸಾಂಕ್ಟ್ ಆಗಸ್ಟಿನ್‌ನಲ್ಲಿ ಅದು ಶುರುವಾಯ್ತು. 1973ರ ಏಪ್ರಿಲ್ ಹೊತ್ತಿಗೆ ಸಜ್ಜಾಗಿತ್ತು.

ಈ ಪಡೆಗೆ ಸೇರಬೇಕಾದ್ರೆ ಮೊದಲು ಪೊಲೀಸ್ ಕೆಲಸ ಮಾಡಿರಬೇಕು. ಬಂದವರಲ್ಲಿ ಹೆಚ್ಚಿನವರು ಆಯ್ಕೆಯಲ್ಲೇ ಉದುರಿಹೋಗ್ತಾರೆ. ತಿಂಗಳುಗಟ್ಟಲೆ ತರಬೇತಿಯಲ್ಲಿ ಗುರಿ ಹೊಡೆಯೋದು, ಕುಸ್ತಿ-ಕಸರತ್ತು ಮಾತ್ರ ಅಲ್ಲ, ಕಾನೂನೂ ಒಂದು ಪಾಠ. ಎದುರಿಗಿರುವವನು ಶತ್ರು ಸೈನಿಕ ಅಲ್ಲ, ಆರೋಪಿ. ಆದಷ್ಟೂ ಜೀವಂತ ಹಿಡಿದು ಕೋರ್ಟಿಗೆ ಕೊಡಬೇಕು.

ದೊಡ್ಡ ಪರೀಕ್ಷೆ ಬಂದಿದ್ದು 1977ರ ಅಕ್ಟೋಬರ್‌ನಲ್ಲಿ. ಅಪಹರಣಕಾರರು ಲುಫ್ತಾನ್ಸಾದ ‘ಲಾಂಡ್ಸ್‌ಹೂಟ್’ ವಿಮಾನವನ್ನು ಊರೂರು ಸುತ್ತಿಸಿದರು, ಏಡನ್‌ನಲ್ಲಿ ಕ್ಯಾಪ್ಟನ್ ಯೂರ್ಗನ್ ಶೂಮಾನ್‌ರನ್ನು ಕೊಂದರು, ಕೊನೆಗೆ ಸೊಮಾಲಿಯಾದ ಮೊಗದಿಶುವಿನಲ್ಲಿ ಇಳಿಸಿದರು. 18ರ ನಡುರಾತ್ರಿ ಸೊಮಾಲಿ ಸೈನಿಕರು ವಿಮಾನದ ಮುಂದೆ ಬೆಂಕಿ ಹಚ್ಚಿ ಅಪಹರಣಕಾರರ ಗಮನ ಸೆಳೆದರು. ಅಷ್ಟರಲ್ಲಿ ವೆಗೆನರ್ ತಂಡ ಸದ್ದಿಲ್ಲದೆ ಏಣಿ ಇಟ್ಟು ಬಾಗಿಲು ತೆರೆದು, ‘ತಲೆ ಬಗ್ಗಿಸಿ’ ಅಂತ ಜರ್ಮನ್‌ನಲ್ಲಿ ಕೂಗುತ್ತಾ ಒಳನುಗ್ಗಿತು. ಕೆಲವೇ ನಿಮಿಷ. 86 ಪ್ರಯಾಣಿಕರು, ಉಳಿದಿದ್ದ ನಾಲ್ವರು ಸಿಬ್ಬಂದಿ, ಎಲ್ಲರೂ ಬದುಕಿದರು. ನಾಲ್ವರು ಅಪಹರಣಕಾರರಲ್ಲಿ ಮೂವರು ಸತ್ತರು.

ಮುಂದೆ ಅನೇಕ ದೇಶಗಳಿಗೆ ಇದೇ ಮಾದರಿ. 1984ರಲ್ಲಿ ಹುಟ್ಟಿದ ನಮ್ಮ ಎನ್‌ಎಸ್‌ಜಿ ಕೂಡ ಬ್ರಿಟನ್‌ನ ಎಸ್‌ಎಎಸ್ ಜೊತೆಗೆ ಜಿಎಸ್‌ಜಿ 9 ಅನ್ನು ನೋಡಿ ರೂಪಿಸಿದ್ದು. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ದಾಳಿಗಿಳಿಯೋ ತಂಡ ಸೈನ್ಯದಿಂದ ಬರುತ್ತೆ. 2008ರಲ್ಲಿ ಮುಂಬೈನ ತಾಜ್‌ನಲ್ಲಿ ಪ್ರಾಣ ಕೊಟ್ಟ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬಿಹಾರ್ ರೆಜಿಮೆಂಟ್‌ನವರು.

ಪೊಲೀಸ್ ಆಗಿರೋದಕ್ಕೆ ಜರ್ಮನ್ನರು ತೆತ್ತ ಬೆಲೆ ಏನು? 1993ರ ಜೂನ್‌ನಲ್ಲಿ ಬಾಟ್ ಕ್ಲೈನೆನ್ ರೈಲು ನಿಲ್ದಾಣದಲ್ಲಿ ಇದೇ ಪಡೆ ರೆಡ್ ಆರ್ಮಿ ಫ್ಯಾಕ್ಷನ್‌ನ ಇಬ್ಬರನ್ನು ಹಿಡಿಯೋಕೆ ಹೋಯ್ತು. ಗುಂಡಿನ ಚಕಮಕಿಯಲ್ಲಿ ಪಡೆಯ ಮಿಖಾಯೆಲ್ ನೆವ್ರೆಟ್ಸೆಲಾ ಸತ್ತರು, ಉಗ್ರ ವೋಲ್ಫ್‌ಗಾಂಗ್ ಗ್ರಾಮ್ಸ್ ಕೂಡ ಸತ್ತ. ಬಿದ್ದಿದ್ದವನಿಗೆ ಪೊಲೀಸರೇ ಹತ್ತಿರದಿಂದ ಗುಂಡಿಟ್ಟರು ಅನ್ನೋ ಆರೋಪ ಎದ್ದಿತು. ತನಿಖೆ ಅದನ್ನು ಆತ್ಮಹತ್ಯೆ ಅಂದಿತು. ಆದರೆ ಅಷ್ಟರೊಳಗೇ ಗೃಹಸಚಿವ ರುಡಾಲ್ಫ್ ಜೈಟರ್ಸ್ ರಾಜೀನಾಮೆ ಕೊಟ್ಟಾಗಿತ್ತು.

ತನ್ನ ಒಬ್ಬನನ್ನು ಕಳಕೊಂಡ ಪಡೆಯನ್ನೇ ದೇಶ ಪ್ರಶ್ನೆ ಕೇಳಿತು. ಸತ್ತವನು ಉಗ್ರ ತಾನೇ, ಬಿಡಿ ಅಂತ ಯಾರಾದ್ರೂ ಅನ್ನಬಹುದಿತ್ತು. ಆದರೆ ಎನ್‌ಕೌಂಟರ್ ಸುದ್ದಿ ಬಂದಾಗ ಸ್ಟೇಟಸ್‌ನಲ್ಲಿ ಚಪ್ಪಾಳೆ ಹಾಕೋ ನಾವು, ಮೊಗದಿಶುವಿನ ಜೊತೆ ಈ ರೈಲು ನಿಲ್ದಾಣವನ್ನೂ ನೆನಪಿಟ್ಟುಕೊಂಡ್ರೆ ಒಳ್ಳೇದು.