ಆಯಿ ಬಿದ್ದದ್ದು ಯಾವ ನೆಲದ ಮ್ಯಾಲೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಮುದುಕರು ಬಿದ್ದರೆ ಯಾರೂ ಕಾರಣ ಕೇಳೋದಿಲ್ಲ. "ವಯಸ್ಸಾತು, ಬಿದ್ರು" ಅಂತಾರೆ, ಮುಗೀತು. ಆಫೀಸಿನಲ್ಲಿ ಸರ್ವರ್ ಬಿದ್ದರೆ ಮೂರು ದಿನ ಕೂತು ಕಾರಣ ಬರೆಯುವ ನಾನೂ, ನಮ್ಮ ಆಯಿ ಬಿದ್ದಾಗ ಹಂಗೇ ಅಂದಿದ್ದೆ.

ಆಯಿ ತವರು ಮೂಡಲಗಿ ಕಡೆ, ಮದುವೆಯಾಗಿ ಬಂದದ್ದು ಹುಕ್ಕೇರಿ ತಾಲ್ಲೂಕಿನ ನಮ್ಮೂರಿಗೆ. ಆಗ ಸಗಣಿಯಿಂದ ಸಾರಿಸಿದ ಮಣ್ಣಿನ ನೆಲ, ಬರಿಗಾಲನ್ನ ಹಿಡಕೊಳ್ಳುತ್ತಿತ್ತು. ಹಂಗಂತ ಯಾರೂ ಬೀಳುತ್ತಿರಲಿಲ್ಲ ಅಂತಲ್ಲ. ಎತ್ತರದ ಹೊಸ್ತಿಲು, ಮನೆಯೊಳಗೇ ದನ, ರಾತ್ರಿ ಚಿಮಣಿ ಬೆಳಕು, ನಸುಕಿನಲ್ಲೇ ಚರಗಿ ಹಿಡಿದು ಬಯಲಿಗೆ ಹೋಗೋದು. ಹಳೇದೆಲ್ಲ ಚಂದ ಇತ್ತು ಅನ್ನೋರು ಆ ಕತ್ತಲೆಯಲ್ಲಿ ಒಮ್ಮೆ ನಡೆದು ನೋಡಬೇಕು.

ಗೋಕಾಕ ಫಾಲ್ಸ್‌ನ ನೀರು 19ನೇ ಶತಮಾನದಲ್ಲೇ ನೂಲಿನ ಗಿರಣಿ ತಿರುಗಿಸುತ್ತಿತ್ತು. ಪಕ್ಕದ ಹಳ್ಳಿಗಳಿಗೆ ಬೆಳಕು ಬರೋಕೆ ಬಹಳ ಕಾಲ ಹಿಡೀತು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರುವಾಯಿತು. ದೇಶದಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಮೊದಲ ಐದು ಸಂಘಗಳಲ್ಲಿ ಇದೂ ಒಂದು. ನಮ್ಮ ಮನೆಯ ಪಡಸಾಲಿಗೆ ಒಂದು ಬಲ್ಬು ಬಂತು. ಬಚ್ಚಲಿಗೆ ಎರಡನೇ ಬಲ್ಬು ಯಾಕೆ ಬೇಕು ಅಂತ ಅಜ್ಜನ ವಾದ. ಅದು ಬಂದದ್ದು ನಾನು ಹುಟ್ಟಿದ ಮೇಲೆ.

ಆಮೇಲೆ ಫರಸಿ ಕಲ್ಲು. 2014ರಲ್ಲಿ ಸ್ವಚ್ಛ ಭಾರತ ಶುರುವಾದ ಮೇಲೆ 12,000 ರೂಪಾಯಿ ಸಹಾಯಧನದ ಪಾಯಖಾನೆ. ಬಯಲಿನ ಕತ್ತಲೆ ತಪ್ಪಿತು, ದೊಡ್ಡ ಮಾತೇ. ಆದರೆ ನಮ್ಮೂರಲ್ಲಿ ನಾನು ನೋಡಿದ ಒಂದರಲ್ಲೂ ಕೂತವರು ಏಳೋಕೆ ಗೋಡೆಗೆ ಹಿಡಿಕೆ ಇಲ್ಲ. ಕೊನೆಗೆ ಬಂದದ್ದು ಟೈಲ್ಸ್, ನನ್ನ ಸಂಬಳದಲ್ಲಿ. ಹೊಳಪಿಂದೇ ಬೇಕು ಅಂತ ಆರಿಸಿದವನೂ ನಾನೇ.

"ತಮ್ಮಾ, ನೆಲ ಕನ್ನಡಿ ಆಗೇತಿ, ಕಾಲ ಎಲ್ಲಿ ಊರಬೇಕೋ?" ಅಂದಿದ್ಳು ಆಯಿ. ನಾವು ನಕ್ಕಿದ್ವಿ.

ಒಂದು ನಸುಕಿನಲ್ಲಿ ಬಚ್ಚಲ ಬಾಗಿಲಲ್ಲಿ ಜಾರಿದಳು. ಮೊದಲು ಊರಿನ ನಾಟಿ ವೈದ್ಯರ ಎಣ್ಣೆ, ಪಟ್ಟಿ. ಒಂಬತ್ತು ದಿನ ಕಳೆದ ಮೇಲೆ ಬೆಳಗಾವಿ ಆಸ್ಪತ್ರೆ. ತೊಡೆಯ ಎಲುಬು ಸೊಂಟದ ಹತ್ತಿರ ಮುರಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಹೆಚ್ಚು. ಆಪರೇಷನ್ ಆಯ್ತು, ಆಯಿ ಉಳಿದಳು.

"ಮೊದಲು ಯಾವಾಗರ ಬಿದ್ದಿದ್ರೇನ್ರಿ ಅಮ್ಮಾ?" ಅಂತ ಡಾಕ್ಟರು ಕೇಳಿದಾಗ ಆಯಿ ನನ್ನ ಮುಖ ನೋಡಿದಳು. ಎರಡು ಸಲ ಬಿದ್ದಿದ್ದಳಂತೆ, ಅದೇ ಜಾಗದಲ್ಲಿ.

"ಹೇಳಿದ್ರ ನೀವು ಹೊರಗ ಅಡ್ಡಾಡಾಕ ಬಿಡೂದಿಲ್ಲ."

ಹಿಡಿಕೆ ಹಾಕಿಸೋಣ ಅಂತ ಗೋಕಾಕ ಪ್ಯಾಟಿಗೆ ಹೋಗಿ ಗಟ್ಟಿ ಸ್ಟೀಲ್ ರಾಡ್ ಕೇಳಿದೆ. ಅಂಗಡಿಯವ ಬಗ್ಗಿ ಹುಡುಕುತ್ತ ಕೇಳಿದ: "ಟವೆಲ್ ಹಾಕಾಕೇನ್ರಿ?"